ಮಾಯಾ ಗೊಂಬಿ ಸೆಟ್ ರಿವ್ಯೂ: ರಾಜನ್ನ ಬದಿಗಿಡ್ರಿ, ಜ್ವಾಳ ಅರೆಯುವಾಕಿನ್ನ ನೋಡ್ರಿ

ಐದಕ್ಕ ಮೂರು ಸ್ಟಾರ್ ಕೊಟ್ಟೀನಿ. ಅದರಾಗ ಎರಡೂವರಿ ಒಬ್ಬಾಕಿ ಹೆಣ್ಮಗಳಿಗೇ ಹೋಗ್ತಾವ, ಉಳಿದ ಅರ್ಧ ಸ್ಟಾರನ್ನ ಬಾಕಿ ಆರು ಗೊಂಬಿ ಹಂಚ್ಕೊಳ್ಲಿ. ರಿವ್ಯೂ ಉದ್ದ ಐತಿ, ಟೈಮ್ ಇಲ್ದವ್ರು ಇಷ್ಟ ತಿಳ್ಕೊಳ್ರಿ: ಸಾಲಿಗೆ, ಲೈಬ್ರರಿಗೆ, ಇತಿಹಾಸದ ಹುಚ್ಚಿರೋರಿಗೆ ಆದ್ರ ತಗೋಬಹುದು. ಶೋಕೇಸಿನ್ಯಾಗ ಚಂದ ಕಾಣ್ಲಿ ಅಂತ ತಗೊಳ್ಳೋರಿದ್ರ ಬ್ಯಾಡ ಬಿಡ್ರಿ, ಅಷ್ಟ ರೊಕ್ಕ ಹಿಡ್ಕೊಂಡು ಕಟ್ಟಿಗಿ ಗೊಂಬಿ ಮಾಡೋ ನಮ್ಮ ಕಿನ್ನಾಳಕ್ಕ ಹೋದ್ರ ಇದಕ್ಕಿಂತ ಹತ್ತು ಪಟ್ಟು ಚಲೋ ಕೆಲಸ ಸಿಗ್ತೈತಿ.

ನಾನು ಕೊಪ್ಪಳದಾಗ ಹೈಸ್ಕೂಲ್ ಹುಡುಗುರಿಗೆ ಸಮಾಜ ವಿಜ್ಞಾನ ಹೇಳ್ತೀನಿ. ಹಳೇ ಕಾಲ ಅಂದ್ರ ನಮ್ಮ ಹುಡುಗುರ ತೆಲ್ಯಾಗ ರಾಜ, ಯುದ್ಧ, ಗುಡಿ, ಇಸವಿ ಇಷ್ಟ ಕುಂತಿರ್ತಾವ. ಅವಾಗೂ ಯಾರೋ ಮುಂಜಾನಿ ಎದ್ದು ಒಲಿ ಹಚ್ಚಿರ್ತಾರ, ಕೂಸಿಗೆ ಹಾಲು ಕುಡಿಸಿರ್ತಾರ, ಸಂತಿಗೆ ಹೋಗಿರ್ತಾರ ಅನ್ನೋದು ಹೊಳಿಯೋದಿಲ್ಲ. ಅದಕ್ಕ ಕೈಯಾಗ ಹಿಡ್ಕೊಂಡು ತೋರ್ಸೋವಂಥದ್ದು ಏನರ ಸಿಗ್ತದೇನು ಅಂತ ಹುಡುಕುವಾಗ ಆನ್‌ಲೈನಿನ್ಯಾಗ ಈ ಸೆಟ್ ಸಿಕ್ಕಿತು. ಏಳು ಗೊಂಬಿ, ಮಾಯಾ ಜನರ ಮಣ್ಣಿನ ಗೊಂಬಿಗಳ ನಕಲು, 2,899 ರೂಪಾಯಿ, ಮ್ಯಾಲ ಡೆಲಿವರಿ ಚಾರ್ಜು. ಅಂಗಡಿ ಹೆಸರು ಹಾಕೋದಿಲ್ಲ, ಅವರ ಮ್ಯಾಲ ನನ್ನ ತಕರಾರು ಮುಂದ ಐತಿ, ಮತ್ಯಾಕ ಬೇಕು ಗದ್ಲ.

ಬಾಕ್ಸಿನ್ಯಾಗ ಇರೋದು ಇವು: ಗರಿ ಕಿರೀಟದ ರಾಜ, ಗುರಾಣಿ ಹಿಡ್ದ ಯೋಧ, ಚೆಂಡಾಟದಂವ, ಒಬ್ಬ ಕುಬ್ಜ, ಮಗ್ಗದ ಮುಂದ ಕುಂತಾಕಿ, ಬೆನ್ನಿಗೆ ಕೂಸು ಕಟ್ಕೊಂಡು ಮೆಕ್ಕಿಜ್ವಾಳ ಅರೆಯುವಾಕಿ, ಆಮ್ಯಾಲ ಒಂದು ಗೂಗಿ, ಇದು ಊದೋ ಸೀಟಿ. ರಾಜ ಮತ್ತ ಯೋಧ ರೆಸಿನ್ನಿನವು, ಬಾಕಿ ಐದು ಸುಟ್ಟ ಮಣ್ಣಿನವು. ಫೋಟೋದಾಗ ಎಲ್ಲಾ ಒಂದೇ ಎತ್ತರ ಕಾಣ್ತಾವ ಆದ್ರ ಹಂಗಿಲ್ಲ, ರಾಜ ಒಂದು ಗೇಣಿಗಿಂತ ಜಾಸ್ತಿ ಅದಾನ, ಜ್ವಾಳ ಅರೆಯುವಾಕಿ ನನ್ನ ಅಂಗೈಯಾಗ ಕುಂದ್ರತಾಳ. ರಾಜನಿಗೆ ನಾಕು ಬಣ್ಣ ಬಳ್ದಾರ, ಆಕಿಗೆ ಒಂದೂ ಇಲ್ಲ. ನನಗ ಸಿಟ್ಟು ಬಂದದ್ದು ಇಲ್ಲೇ ನೋಡ್ರಿ. ಇಂಥ ಗೊಂಬಿಗಳ ಬೆಲಿ ಇರೋದೇ ರಾಜರಲ್ಲದವರನ್ನ ತೋರಸ್ತಾವ ಅನ್ನೋದಕ್ಕ, ಇವ್ರು ನೋಡಿದ್ರ ಉಲ್ಟಾ ಮಾಡಿ ಕಳ್ಸ್ಯಾರ.

ಗೊತ್ತಿಲ್ದವರಿಗೆ ಸ್ವಲ್ಪ ಹೇಳ್ಬೇಕು. ಮಾಯಾ ಅಂದ್ರ ಈಗಿನ ಮೆಕ್ಸಿಕೋದ ದಕ್ಷಿಣ ಭಾಗ, ಗ್ವಾಟೆಮಾಲಾ, ಬೆಲೀಜ್, ಹೊಂಡುರಾಸ್ ಮತ್ತ ಎಲ್ ಸಾಲ್ವಡಾರ್‌ನ ಒಂದಿಷ್ಟು ಭಾಗ. ಕ್ರಿ.ಶ. 250 ರಿಂದ 900 ರ ತನಾ ಅವರ ದೊಡ್ಡ ದೊಡ್ಡ ಊರುಗಳ ಕಾಲ. ಈ ಅಚ್ಚಿನ ಗೊಂಬಿಗಳು ಜಾಸ್ತಿ ಸಿಗೋದು ಅದರ ಕೊನಿ ಭಾಗದಾಗ, ಸುಮಾರು 600 ರಿಂದ 900 ರೊಳಗ, ಅಂದ್ರ ನಮ್ಮ ಕಡಿ ಬಾದಾಮಿ ಚಾಲುಕ್ಯರು ಆಮ್ಯಾಲ ರಾಷ್ಟ್ರಕೂಟರು ಆಳೋ ಹೊತ್ತಿಗೆ. ಅವರ ಕಲ್ಲಿನ ಕಂಬದ ಮ್ಯಾಲ ನೋಡಿದ್ರ ಬರೇ ದೊರಿಗಳು, ಅವರ ಹುಟ್ಟು, ಪಟ್ಟ, ಗೆದ್ದ ಯುದ್ಧ, ಕಟ್ಟಿಹಾಕಿದ ಸೆರೆಯಾಳು. ರೈತ ಇಲ್ಲ, ಅಡಗಿ ಮಾಡಾಕಿ ಇಲ್ಲ, ಉಪ್ಪು ಮಾರಾಕಿ ಇಲ್ಲ. ಅವ್ರನ್ನ ಹುಡುಕಬೇಕಂದ್ರ ಮಣ್ಣಿನ ಗೊಂಬಿ ಹತ್ರ ಬರಬೇಕು, ಅವೂ ಎಲ್ಲಿ ಸಿಗ್ತಾವಂದ್ರ ಮನಿ ನೆಲದಾಗ, ಅಂಗಳದಾಗ, ತಿಪ್ಪ್ಯಾಗ, ಬಡವರ ಮನಿ ಸಾಹುಕಾರರ ಮನಿ ಅನ್ನದ ಎರಡೂ ಕಡಿ, ಜಾಸ್ತಿ ಗೋಣು ಮುರ್ದವು.

ಗ್ವಾಟೆಮಾಲಾದ ಅಗ್ವಾಟೆಕಾ ಅನ್ನೋ ಊರಿನ ಕಥಿ ನಾನು ಕ್ಲಾಸಿನ್ಯಾಗ ಹೇಳಿದೆ. 810 ರ ಸುಮಾರಿಗೆ ವೈರಿಗಳು ಬಂದು ಬೆಂಕಿ ಹಚ್ಚಿದ್ರು, ನೃಪತುಂಗ ಪಟ್ಟಕ್ಕ ಬರೋದಕ್ಕ ನಾಕೈದು ವರ್ಷ ಮದ್ಲು ಅನ್ನಿ, ಜನ ಇದ್ದದ್ದು ಇದ್ದಂಗ ಬಿಟ್ಟು ಓಡಿದ್ರು. ಹಂಗಾಗಿ ಯಾವ ಕ್ವಾಣ್ಯಾಗ ಏನಿತ್ತು ಅನ್ನೋದು ಇದ್ದಲ್ಲೇ ಸಿಕ್ತು, ಗಡಿಗಿ, ಅರೆಯೋ ಕಲ್ಲು, ನೂಲೋ ಸಾಮಾನು, ಅವುಗಳ ಜೋಡಿ ಗೊಂಬಿಗಳೂ. ಗುಡಿ ಗರ್ಭಗುಡಿ ಅಲ್ಲ ಮತ್ತ, ಜನ ಉಂಡು ಮಲಗೋ ಮನಿ.

ಈಗ ಆ ಎರಡೂವರಿ ಸ್ಟಾರಿನ ಹೆಣ್ಮಗಳು. ಮೊಣಕಾಲೂರಿ ಕುಂತಾಳ, ಮುಂದ ಇಳಿಜಾರ ಕಲ್ಲು, ಎರಡೂ ಕೈಲೆ ಉದ್ದನ್ನ ಗುಂಡು ಹಿಡ್ದು ಮುಂದಕ್ಕ ಜಗ್ಗಿದ ಭಂಗಿ, ಬೆನ್ನು ಬಾಗೈತಿ, ಬೆನ್ನ ಮ್ಯಾಲ ಅರಿಬಿ ಗಂಟಿನಾಗಿಂದ ಕೂಸಿನ ತೆಲಿ ಹೊರಗ ಬಂದೈತಿ, ಕೂಸು ಅತ್ತಾಗ ನೋಡಾಕತ್ತೈತಿ ಆಕಿ ಇತ್ತಾಗ. ಕಲ್ಲಿನ ತುದ್ಯಾಗ ಹಿಟ್ಟಿನ ಮುದ್ದಿ ಸಣ್ಣಗ ಉಬ್ಬಿದ್ದೂ ಬಿಟ್ಟಿಲ್ಲ. ಇದನ್ನ ಮಾಡಿದಂವ ಯಾರರ ಇರ್ಲಿ, ಅರೆಯೋದನ್ನ ಕಣ್ಣಾರೆ ನೋಡ್ಯಾನ. ಭುಜ ಎತ್ತಿದ್ದು ನೋಡ್ರಿ, ಬರೇ ಕೈಲೆ ಅಲ್ಲ, ಮೈಭಾರ ಹಾಕಿ ಅರೆಯೋದು ಅದು. ನಮ್ಮ ಕ್ಲಾಸಿನ ಹುಡುಗಿಯೊಬ್ಬಾಕಿ ಕೈಯಾಗ ಹಿಡ್ಕೊಂಡು, “ಟೀಚರ್, ಈಕಿ ಸೊಂಟ ನೋಯಾಕತ್ತಿರಬೇಕ್ರಿ” ಅಂದ್ಲು. ನಾನು ಅರ್ಧ ತಾಸು ಪಾಠ ಮಾಡಿದ್ರೂ ಅದು ಬರ್ತಿರ್ಲಿಲ್ಲ.

ಆ ಕೆಲಸ ಏನು ಸಣ್ಣದಲ್ಲ. ಮೆಕ್ಕಿಜ್ವಾಳ ಹಂಗ ಅರೆಯಾಕ ಬರೋದಿಲ್ಲ, ಮದ್ಲ ಸುಣ್ಣದ ನೀರಾಗ ಕುದಿಸಿ ನೆನಿ ಇಡ್ತಿದ್ರು, ಹಂಗ ಮಾಡಿದ್ರ ಸಿಪ್ಪಿ ಸಡಿಲ ಆಗ್ತದ, ಮೈಗೆ ಹತ್ತೋ ಸತ್ವಾನೂ ಜಾಸ್ತಿ ಸಿಗ್ತದ, ಬರೇ ಮೆಕ್ಕಿಜ್ವಾಳ ತಿಂದು ಬದುಕೋರಿಗೆ ಬರೋ ಚರ್ಮರೋಗ ತಪ್ಪೋದು ಅದರಿಂದ. ಆಮ್ಯಾಲ ತೊಳದು, ಕಲ್ಲಿನ ಮ್ಯಾಲ ಹಸಿ ಹಸಿ ಅರೆದು ಮುದ್ದಿ ಮಾಡೋದು. ದಿನಾ, ತಾಸುಗಟ್ಟಲೆ. ನಮ್ಮ ಜಿಲ್ಲಾದಾಗ ಹೊಲದ ತುಂಬ ಮೆಕ್ಕಿಜ್ವಾಳ ಬೆಳೀತೀವಿ, ಆದ್ರ ಅದನ್ನ ಹಿಂಗ ತಿನ್ನೋ ದಾರಿ ನಮಗ ಬರ್ಲೇ ಇಲ್ಲ, ಲಾರಿ ಹತ್ತಿಸಿ ಕೋಳಿ ಫೀಡಿಗೆ ಕಳಿಸ್ತೀವಿ. ಮತ್ತ ಅವರು ಆ ಹಿಟ್ಟಿಂದ ರೊಟ್ಟಿ ಬಡೀತಿದ್ರು ಅಂತ ಸೆಟ್ಟಿನ ಜೋಡಿ ಬಂದ ಪಾಂಪ್ಲೆಟ್ಟಿನ್ಯಾಗ ಬರ್ದಾರ, ಅದೂ ಪೂರ್ತಿ ಖರೆ ಅಲ್ಲ. ಆ ಕಾಲದ ಮಾಯಾ ಊರುಗಳಾಗ ರೊಟ್ಟಿ ಹಂಚು ಸಿಗೋದು ಕಡಿಮಿ, ಎಲಿಯೊಳಗ ಸುತ್ತಿ ಹಬಿಯಾಗ ಬೇಯಿಸೋ ತಮಾಲೆನೇ ಮುಖ್ಯ ಊಟ, ಮ್ಯಾಲ ಕುಡಿಯಾಕ ಮೆಕ್ಕಿಜ್ವಾಳದ ಗಂಜಿ.

ಇನ್ನೊಂದು ಮಾತು, ಎಲ್ಲಾರೂ ಮೊಣಕಾಲೂರೇ ಅರೀತಿದ್ರು ಅನ್ಕೋಬ್ಯಾಡ್ರಿ. ಎಲ್ ಸಾಲ್ವಡಾರ್‌ನ್ಯಾಗ ಹೋಯಾ ದೆ ಸೆರೆನ್ ಅಂತ ಒಂದು ಹಳ್ಳಿ, 600 ರ ಸುಮಾರಿಗೆ ಜ್ವಾಲಾಮುಖಿ ಬೂದಿ ಬಿದ್ದು ಮುಚ್ಚಿ ಹೋಗಿತ್ತು, 1976 ರಾಗ ಬುಲ್ಡೋಜರ್ ಹಚ್ಚಿ ನೆಲ ಸಮ ಮಾಡುವಾಗ ಹೊರಗ ಬಂತು, 1993 ರಾಗ ಯುನೆಸ್ಕೋ ಪಟ್ಟಿಗೆ ಸೇರೈತಿ. ಅಲ್ಲಿ ಅರಮನಿ ಇಲ್ಲ, ರೈತರ ಮನಿ ಅಷ್ಟ, ಅಡಗಿಮನ್ಯಾಗ ಅರೆಯೋ ಕಲ್ಲನ್ನ ಕವಲು ಕಟ್ಟಿಗಿ ಮ್ಯಾಲ ಏರ್ಸಿ ಇಟ್ಟಿದ್ರು, ನೆಲದ ಮ್ಯಾಲಲ್ಲ. ಅಂದ್ರ ಸೊಂಟದ ತ್ರಾಸು ಅವರಿಗೂ ಗೊತ್ತಿತ್ತು, ದಾರಿನೂ ಹುಡುಕ್ಕೊಂಡಿದ್ರು. ಗೊಂಬಿ ಮಾಡೋರು ಮಾತ್ರ ಮೊಣಕಾಲೂರಿದಾಕಿನ್ನ ಮಾಡ್ಯಾರ, ಹಂಗಾಗಿ ಗೊಂಬಿ ಅಂದ್ರ ಫೋಟೋ ಅಲ್ಲ ಅನ್ನೋದನ್ನೂ ಹುಡುಗುರಿಗೆ ಹೇಳ್ಬೇಕಾಗ್ತದ. ಇದ್ಯಾವ್ದೂ ಪಾಂಪ್ಲೆಟ್ಟಿನ್ಯಾಗ ಇಲ್ಲ. ಆಕಿ ಫೋಟೋ ಕೆಳಗ ಒಂದೇ ಲೈನು, “ಚಕ್ಕಿ ಬೀಸುವ ಮಹಿಳೆ” ಅಂತ. ಚಕ್ಕಿ ಎಲ್ಲೈತ್ರಿ ಅಲ್ಲೆ? ಸುತ್ತ ತಿರುಗೋ ಬೀಸೋಕಲ್ಲು ಅವರ ಕಡಿ ಇರ್ಲೇ ಇಲ್ಲ, ಇದು ಹಿಂದ ಮುಂದ ಜಗ್ಗೋ ಕಲ್ಲು. ಬಳ್ಳಾರಿ ಹತ್ರ ಸಂಗನಕಲ್ಲು ಗುಡ್ಡ ಹತ್ತಿ ನೋಡ್ರಿ, ಹೊಸಶಿಲಾಯುಗದವ್ರು ಬಂಡಿ ಮ್ಯಾಲ ಉಜ್ಜಿ ಉಜ್ಜಿ ಸವೆಸಿದ ಗುಣಿಗಳು ಅದಾವ, ಆ ಜಾತಿ ಕೆಲಸ.

ಹುಡುಗುರು ಮದ್ಲ ಕೇಳಿದ್ದು ಇವು ದೇವ್ರೇನ್ರಿ ಆಡೋ ಗೊಂಬಿ ಏನ್ರಿ ಅಂತ. ತಜ್ಞರೂ ಇದನ್ನೇ ವಾದ ಮಾಡ್ತಾರ, ಕೆಲವರು ಮಕ್ಕಳ ಆಟಗಿ ಅಂತಾರ, ಕೆಲವರು ಮನಿ ಪೂಜಿದು ಅಂತಾರ, ಹಬ್ಬದಾಗ ಊದೋ ವಾದ್ಯ ಅನ್ನೋರೂ ಅದಾರ. ನಮ್ಮ ಕಡಿ ಮಂದಿಗೆ ಈ ಪ್ರಶ್ನಿ ಅಷ್ಟು ಗೋಜಲು ಅನಿಸೋದಿಲ್ಲ ಯಾಕಂದ್ರ ನಾವು ಮಣ್ಣೆತ್ತಿನ ಅಮಾಸಿ ಮಾಡ್ತೀವಿ. ಎರಿ ಮಣ್ಣು ತಂದು ಎತ್ತು ಮಾಡಿ ಜಗಲಿ ಮ್ಯಾಲಿಟ್ಟು ಕಾಯಿ ಒಡೀತೀವಿ, ಎಡಿ ಹಿಡೀತೀವಿ, ಮರುದಿನ ಅದೇ ಎತ್ತಿಗೆ ಹಗ್ಗ ಕಟ್ಟಿ ಹುಡುಗುರು ಓಣ್ಯಾಗ ಆಡ್ತಾವ, ಆಮ್ಯಾಲ ಹಳ್ಳಕ್ಕ. ಒಂದೇ ಎತ್ತು ಇವತ್ತು ದೇವ್ರು, ನಾಳಿ ಆಟಗಿ. ವ್ಯತ್ಯಾಸ ಅಂದ್ರ ನಾವು ಸುಡೋದಿಲ್ಲ, ನೀರಾಗ ಕರಗಿ ಹೋಗ್ತಾವ, ಅವ್ರು ಸುಟ್ರು ಹಂಗಾಗಿ ಸಾವಿರದಿನ್ನೂರು ವರ್ಷ ಆದ ಮ್ಯಾಲೂ ಸಿಕ್ಕಾವ. ಕ್ಲಾಸಿನ್ಯಾಗ ಇದನ್ನ ಹೇಳಿದ ಮ್ಯಾಲ ಒಬ್ಬ ಹುಡುಗ ಎದ್ದು ನಿಂತು ಸೆಟ್ಟಿನ್ಯಾಗ ಎತ್ತು ಯಾಕಿಲ್ಲ ಅಂತ ಕೇಳಿದ. ಚಲೋ ಪ್ರಶ್ನಿ. ಅವರ ಹತ್ರ ಎತ್ತು, ಆಕಳ, ಕುದುರಿ, ಕತ್ತಿ ಯಾವ್ದೂ ಇರ್ಲಿಲ್ಲ, ಸಾಕಿದ್ದು ನಾಯಿ, ಟರ್ಕಿ ಕೋಳಿ, ಜೇನು. ಹೊರೆ ಹೊರೋದು ಮನುಷ್ಯಾರೇ, ಹಣಿಗೆ ಪಟ್ಟಿ ಕಟ್ಕೊಂಡು ಬೆನ್ನ ಮ್ಯಾಲ ಹೊರೋದು. ರೈತರ ಮನಿ ಹುಡುಗ ಅದನ್ನ ಕೇಳಿ ಸುಮ್ಮ ಕುಂದ್ರಲಿಲ್ಲ, ಹಂಗಾರ ಅಷ್ಟು ದೊಡ್ಡ ಪಿರಮಿಡ್ ಹೆಂಗ ಕಟ್ಟಿದ್ರು ಅಂತ ಮುಂದಿನ ಪ್ರಶ್ನಿ, ಬೆಲ್ ಹೊಡೀತು.

ಮಗ್ಗದಾಕಿ ಬಗ್ಗೆ ಮಿಶ್ರ ಅಭಿಪ್ರಾಯ. ಇದು ಜೈನಾ ದ್ವೀಪದ ಮಾದರಿ, ಮೆಕ್ಸಿಕೋದ ಕಾಂಪೆಚೆ ಕರಾವಳಿ ಹತ್ರ ಇರೋ ಸಣ್ಣ ದ್ವೀಪ, ಹೆಣ ಹುಗಿಯೋ ಜಾಗ ಆಗಿತ್ತು, ಸತ್ತವರ ಜೋಡಿ ಗೋರ್ಯಾಗ ಗೊಂಬಿ ಇಡ್ತಿದ್ರು, ಕೆಲವರ ಕೈಯಾಗೇ. ಮಾಯಾ ಗೊಂಬಿಗಳಾಗ ಕೈಕೆಲಸ ಅಂದ್ರ ಜೈನಾದವೇ, ಕೈಲೆ ತಿದ್ದಿದ ಮುಖ, ಮಡಚಿದ ಸೀರಿಯಂಥ ಅರಿಬಿ, ಕೊಳ್ಳಾಗಿನ ಮಣಿ ಒಂದೊಂದೂ ಬಿಡಿ ಬಿಡಿ. ನೇಯೋ ಹೆಣ್ಮಗಳ ಗೊಂಬಿ ಅಲ್ಲಿಂದ ಬಂದದ್ದರಾಗ ಭಾಳ ಹೆಸರುವಾಸಿ, ಮಗ್ಗದ ಒಂದು ತುದಿ ಕಂಬಕ್ಕ, ಇನ್ನೊಂದು ತುದಿ ಪಟ್ಟಿಲೆ ಆಕಿ ಸೊಂಟಕ್ಕ. ಸೆಟ್ಟಿನ ನಕಲಿನ್ಯಾಗ ಕಂಬ ಐತಿ, ಬಟ್ಟಿ ಐತಿ, ಸೊಂಟದ ಪಟ್ಟಿ ಇಲ್ಲ, ಮತ್ತ ಆಕಿ ನೆಟ್ಟಗ ಕುಂತಾಳ. ಭಾಗ್ಯನಗರದ ಮಗ್ಗದ ಮನಿ ಹುಡುಗಿ ಒಬ್ಬಾಕಿ ನಮ್ಮ ಕ್ಲಾಸಿನ್ಯಾಗ ಅದಾಳ, ನೋಡಿದ ಕೂಡ್ಲೇ ಹಿಡಿದ್ಲು, “ಹಾಸು ಬಿಗಿ ಇಲ್ದ ಹೆಂಗ ನೇಯ್ತಾಳ್ರಿ ಟೀಚರ್, ಹಿಂದಕ್ಕ ಜಗ್ಗಿ ಕುಂದ್ರಬೇಕಲ್ರಿ” ಅಂದ್ಲು. ಕರೆಕ್ಟ್. ಆ ಮಗ್ಗಕ್ಕ ಚೌಕಟ್ಟು ಇಲ್ಲ, ನೇಯಾಕಿ ಮೈನೇ ಚೌಕಟ್ಟು, ಹಿಂದಕ್ಕ ಒರಗಿದ್ರ ಹಾಸು ಬಿಗಿ, ಮುಂದಕ್ಕ ಬಾಗಿದ್ರ ಸಡಿಲ. ನಕಲು ಮಾಡಿದವ್ರು ಮಗ್ಗ ನೋಡಿಲ್ಲ, ಇಂಟರ್ನೆಟ್ಟಿನ ಫೋಟೋ ನೋಡ್ಯಾರ ಅನಿಸ್ತದ.

ಈಕಿನ್ನ ಪಾಂಪ್ಲೆಟ್ಟು “ಬಡ ನೇಕಾರ ಮಹಿಳೆ” ಅಂತೈತಿ. ಕಿವಿಯಾಗ ಅಷ್ಟು ದಪ್ಪನ್ನ ಕಡಕು, ಕೊಳ್ಳಾಗ ದಪ್ಪ ಮಣಿ ಸರ, ಬಡವಿ ಹೆಂಗ ಆಗ್ತಾಳ? ಆ ಜನರಾಗ ನೇಯೋದು ಎಲ್ಲಾ ಹೆಣ್ಮಕ್ಕಳ ಕೆಲಸ, ಅರಮನಿಯವರದ್ದೂ, ದೊಡ್ಡ ಮನಿ ಹೆಣ್ಮಕ್ಕಳ ಗೋರ್ಯಾಗ ಎಲುಬಿನ ನೇಯ್ಗಿ ಸಾಮಾನು ಸಿಕ್ಕಾವ. ಕೆಲವರು ಈ ನೇಯಾಕಿ ದೇವತೆ ಇರಬೇಕು ಅಂತ್ಲೂ ಅಂತಾರ. ಅದಕ್ಕ ಕೆಲಸ ಮಾಡಾಕಿ ಅಂದ ಕೂಡ್ಲೇ ಬಡವಿ ಅಂತ ಬರಿಯೋದು ಬ್ಯಾಡ.

ಗೂಗಿ ಸೀಟಿ ಊದ್ತದ, ಇದು ಪ್ಲಸ್ ಪಾಯಿಂಟ್. ಬಾಲದ ಕಡಿ ಊದೋ ಬಾಯಿ, ಎದಿ ಮ್ಯಾಲ ಎರಡು ತೂತು, ಬೆರಳಿಟ್ಟು ತಗದ್ರ ಸ್ವರ ಬದಲಾಗ್ತದ. ಖರೆ ಮಾಯಾ ಗೊಂಬಿಗಳಾಗ ಭಾಳಷ್ಟು ಹಿಂಗ ಸೀಟಿ ಇಲ್ಲಾ ಗಿಲಕಿ ಅದಾವ, ಮನುಷ್ಯಾರ ಗೊಂಬಿನೂ, ರಾಣಿ ಥರಾ ಕಾಣಾಕಿ ಬೆನ್ನ ಹಿಂದ ಊದೋ ತೂತು ಇರ್ತೈತಿ. ಅಂದ್ರ ನೋಡೋ ಸಾಮಾನಲ್ಲ, ಬಾಯಿಗೆ ಹಚ್ಚೋ ಸಾಮಾನು. ಈ ಸೆಟ್ಟಿನ್ಯಾಗ ಗೂಗಿ ಒಂದನ್ನ ಬಿಟ್ರ ಉಳಿದವು ಮೂಕ, ಬೆನ್ನು ಸಪಾಟು. ಅರೆಯುವಾಕಿನ್ನರ ಸೀಟಿ ಮಾಡಬೇಕಿತ್ತು, ಬೆಲೀಜ್‌ನ ಲುಬಾಂತುನ್ ಅನ್ನೋ ಊರಾಗ ಸಿಕ್ಕ ಅಚ್ಚಿನ ಗೊಂಬಿಗಳು ಹಂಗೇ ಅದಾವ, ದಿನದ ಕೆಲಸ ಮಾಡೋ ಜನ ಮುಂದ, ಸೀಟಿ ಹಿಂದ. ಎಚ್ಚರಿಕಿ: ಕ್ಲಾಸಿಗೆ ಒಯ್ದ್ರ ಗೂಗಿನ್ನ ಕೊನಿಗೆ ತಗೀರಿ, ಒಮ್ಮೆ ಕೈಗೆ ಕೊಟ್ರ ಪಾಠ ಮುಗೀತು ಅನ್ಕೊಳ್ರಿ, ಮತ್ತ ಊದಿದ ಮ್ಯಾಲ ಪ್ರತಿ ಸಲ ಒರೆಸಿ ಕೊಡ್ರಿ.

ರಾಜ, ಯೋಧ, ಕುಬ್ಜ, ಚೆಂಡಾಟದಂವ, ಇವರ ಬಗ್ಗೆ ಜಾಸ್ತಿ ಹೇಳೋದಿಲ್ಲ. ಚೆಂಡಾಟದಂವನ ಸೊಂಟದ ದಪ್ಪ ಪಟ್ಟಿ ಚಲೋ ಮಾಡ್ಯಾರ, ರಬ್ಬರ್ ಚೆಂಡು ಭಾರ ಇರ್ತಿತ್ತು ಅದನ್ನ ಸೊಂಟಲೆ ಹೊಡೀತಿದ್ರು ಅದಕ್ಕ ಆ ಪಟ್ಟಿ. ಕುಬ್ಜರು ಅರಮನ್ಯಾಗ ದೊರಿ ಬಾಜು ಇರ್ತಿದ್ರು. ಯೋಧ ಪ್ಲಾಸ್ಟಿಕ್ ಆಟಗಿ ಥರಾ ಅದಾನ. ರಾಜನ್ನ ಇಡಬಾರ್ದಿತ್ತು ಅಂತ ನಾನು ಹೇಳಾಕತ್ತಿಲ್ಲ ಮತ್ತ, ಗ್ವಾಟೆಮಾಲಾದ ಎಲ್ ಪೆರು-ವಾಕಾ ಊರಾಗ 2006 ರಾಗ ರಾಜಮನೆತನದ ಗೋರಿಯೊಳಗ 23 ಗೊಂಬಿ ಸಿಕ್ಕಾವ, ದೊರಿ, ದೊರಸಾನಿ, ಬರಿಯೋರು, ಕುಬ್ಜರು, ಎಲ್ಲಾ ಸುತ್ತ ನಿಲ್ಲಿಸಿ ಒಂದು ದರ್ಬಾರನ್ನೇ ಮಾಡಿಟ್ಟಂಗ. ದೊರಿಗಳಿಗೂ ಗೊಂಬಿ ಬೇಕಾಗಿತ್ತು. ಆದ್ರ ದೊರಿನ್ನ ನೋಡಾಕ ಕಲ್ಲಿನ ಕಂಬ ಬೇಕಾದಷ್ಟು ಅದಾವ, ಏಳರಾಗ ನಾಕು ಜಾಗ ಅರಮನಿ ಮಂದಿಗೆ ಕೊಟ್ಟು ಸಂತಿ ಮಂದಿಗೆ ಒಂದೂ ಕೊಡ್ಲಿಲ್ಲ ಅನ್ನೋದು ನನ್ನ ತಕರಾರು. ಅಗಲ ಅಂಚಿನ ಟೊಪ್ಪಿಗಿ ಹಾಕ್ಕೊಂಡೋರ ಗೊಂಬಿ ಅದಾವ, ನಾಯಿ ಎತ್ಕೊಂಡಾಕಿ ಅದಾಳ, ಗಿಲಕಿ ಬಾರ್ಸೋರು ಅದಾರ, ಮುಪ್ಪಾದ ಮುದುಕ ಹರೇದ ಹುಡುಗಿ ಬಗಲಿಗೆ ಆತು ನಿಂತ ಚೇಷ್ಟೆ ಗೊಂಬಿನೂ ಐತಿ (ಇದನ್ನ ಸಾಲಿ ಸೆಟ್ಟಿನ್ಯಾಗ ಇಡಾಕ ಬರೋದಿಲ್ಲ, ಒಪ್ಕೊಳ್ತೀನಿ).

ಕಿನ್ನಾಳದಾಗ ನಮಗ ಪರಿಚಯದ ಚಿತ್ರಗಾರ ಕಾಕಾ ಒಬ್ರು ಅದಾರ, ಅವರಿಗೆ ಒಯ್ದು ತೋರ್ಸಿದೆ, ಈ ರಿವ್ಯೂದಾಗ ಟೆಕ್ನಿಕಲ್ ಮಾತು ಏನೈತಿ ಅದು ಅವರದ್ದು. ಕನ್ನಡಕ ಹಾಕ್ಕೊಂಡು ಮದ್ಲ ಯಾವ ಗೊಂಬಿದೂ ಮುಖ ನೋಡ್ಲಿಲ್ಲ, ತಿರುವಿ ಬೆನ್ನು ನೋಡಿದ್ರು, ಆಮ್ಯಾಲ ಕಿವಿ ಹಿಂದ ಉಗುರು ಎಳೆದ್ರು. “ಮುಂದ ಅಚ್ಚು, ಹಿಂದ ಕೈ. ಸೇರಿದಲ್ಲಿ ಗೆರಿ ತಿಕ್ಕಿಲ್ಲ ನೋಡವ್ವ, ಅರ್ಜೆಂಟ್ ಕೆಲಸ” ಅಂದ್ರು. ಮುಂದಿನ ಭಾಗ ಅಚ್ಚಿನ್ಯಾಗ ಒತ್ತಿ ಹಿಂದಿಂದು ಕೈಲೆ ಮುಚ್ಚೋದು ಮಾಯಾದವರದ್ದೂ ಅದೇ ಪದ್ಧತಿ, ಅಗೆದಲ್ಲಿ ಅಚ್ಚುಗಳೂ ಸಿಕ್ಕಾವ, ತೆಲಿ ಅಚ್ಚಿಂದು ಮೈ ಕೈದು ಮಾಡಿದ್ದೂ ಅದಾವ. ಅಚ್ಚು ಬಂತಂದ್ರ ಒಂದೇ ಮುಖದ ಗೊಂಬಿ ಹತ್ತು ಮನಿಗೆ ಹೋಗ್ತದ, ಅಗ್ಗ ಆಗ್ತದ, ಅದಕ್ಕ ಸಾಮಾನ್ಯ ಜನರ ಮನ್ಯಾಗೂ ಇಷ್ಟು ಸಿಗ್ತಾವ ಅನ್ನೋದು ನನ್ನ ತಿಳುವಳಿಕಿ. ಕಾಕಾ ಕುಬ್ಜನ ಮೂಗು ಮುಟ್ಟಿ, ಈ ಅಚ್ಚು ಸವೆದೈತಿ ಹೊಸಾದು ಮಾಡ್ಬೇಕಿತ್ತು, ಮೂಗಿನ ತುದಿ ಕಣ್ಣಿನ ರೆಪ್ಪಿ ಎಲ್ಲಾ ಮೊಂಡ ಆಗ್ಯಾವ ಅಂದ್ರು. ನಾನು ಮದ್ಲ ಗಮನಿಸಿರ್ಲಿಲ್ಲ, ಅವ್ರು ಹೇಳಿದ ಮ್ಯಾಲ ಬ್ಯಾರೆ ಏನೂ ಕಾಣ್ವಲ್ದು.

ಬಣ್ಣದ ಬಗ್ಗೆ ಅಂತೂ ನಕ್ಕೇ ಬಿಟ್ರು. ಕಿನ್ನಾಳದವ್ರು ಹಗುರ ಪೊಳಕಿ ಕಟ್ಟಿಗಿ ಮ್ಯಾಲ ಹುಣಸಿ ಬೀಜದ ಅಂಟು, ಸೆಣಬು, ಕಟ್ಟಿಗಿ ಹುಡಿ ಹಾಕಿ ಕಿಟ್ಟ ಮೆತ್ತಿ, ಅದರ ಮ್ಯಾಲ ಬಿಳಿ ಹಾಕಿ, ಆಮ್ಯಾಲ ಬಣ್ಣ ಹಾಕೋ ಮಂದಿ, ಮೈಮ್ಯಾಲಿನ ಒಡವಿ ಹೊಳೀಲಿ ಅಂತ ಲಜವರ್ದ ಕೆಲಸ ಬ್ಯಾರೆ. ಅವರಿಗೆ ಈ ರಾಜನ ಕಿರೀಟದ ನೀಲಿ ಪೋಸ್ಟರ್ ಕಲರ್ ಅಂತ ದೂರದಿಂದ್ಲೇ ತಿಳೀತು. ಖರೆ ಗೊಂಬಿಗಳ ನೀಲಿ ಅಲ್ಲ ಅದು. ಮಾಯಾ ನೀಲಿ ಅಂತ ಹೆಸರೇ ಐತಿ, ನೀಲಿ ಗಿಡದ ಬಣ್ಣಾನ ಪ್ಯಾಲಿಗೋರ್‌ಸ್ಕೈಟ್ ಅನ್ನೋ ಒಂದು ಜಾತಿ ಬಿಳಿ ಮಣ್ಣಿನ ಜೋಡಿ ಕಾಸಿ ಮಾಡೋದು, ಬಿಸ್ಲು ಮಳಿ ತಡಕೊಂಡು ನೂರಾರು ವರ್ಷ ನಿಲ್ತದ. ಗೊಂಬಿ ಸುಟ್ಟ ಮ್ಯಾಲ ಹಚ್ಚತಿದ್ರು, ಹಂಗಾಗಿ ಭಾಳಷ್ಟು ಕಡಿ ಉದುರಿ ಅಲ್ಲೊಂದು ಇಲ್ಲೊಂದು ಕಲಿ ಉಳದಾವ. ಈ ಸೆಟ್ಟಿನ ನೀಲಿ ಹಸಿ ಕೈಲೆ ಹಿಡಿದ್ರ ಬೆರಳಿಗೆ ಹತ್ತೇತಿ. ಕಾಕಾ ಒಟ್ಟಿನ್ಯಾಗ ಒಂದನ್ನ ಮಾತ್ರ ಪಕ್ಕಕ್ಕಿಟ್ರು, ಬಣ್ಣ ಇಲ್ದಾಕಿನ್ನ, “ಈಕಿನ್ನ ಮಾಡಿದಂವಗ ಕೈ ಐತಿ” ಅಂದ್ರು, ಕಟ್ಟಿಗ್ಯಾಗ ಒಂದು ಮಾಡಿ ನೋಡ್ತೀನಿ ಇಟ್ಟು ಹೋಗು ಅಂದ್ರು, ನಾನು ಕೊಡ್ಲಿಲ್ಲ, ಫೋಟೋ ಹೊಡ್ಕೊಳ್ರಿ ಅಂದೆ.

ಪಾಂಪ್ಲೆಟ್ಟಿನ ಬಗ್ಗೆ ಇನ್ನೊಂದು ಸಿಟ್ಟು ಬಾಕಿ ಐತಿ. “ನಿಗೂಢವಾಗಿ ಕಣ್ಮರೆಯಾದ ಜನಾಂಗ” ಅಂತ ದಪ್ಪ ಅಕ್ಷರದಾಗ. ಯಾರು ಕಣ್ಮರಿ ಆಗ್ಯಾರ? ದೊಡ್ಡ ಊರುಗಳನ್ನ ಬಿಟ್ರು ಖರೆ, ಜನ ಅಲ್ಲೇ ಅದಾರ, ಲಕ್ಷಗಟ್ಟಲೆ, ಸುಮಾರು ಮೂವತ್ತು ಮಾಯಾ ಭಾಷಿ ಇವತ್ತಿಗೂ ಮಾತಾಡ್ತಾರ, ಗ್ವಾಟೆಮಾಲಾದ ಗುಡ್ಡದ ಊರುಗಳಾಗ ಹೆಣ್ಮಕ್ಕಳು ಅದೇ ಸೊಂಟದ ಮಗ್ಗ ಕಟ್ಕೊಂಡು ನೇಯಾಕತ್ತಾರ. ನಮ್ಮ ಹಂಪಿ ಹಾಳಾತು ಅಂತ ಕನ್ನಡ ಮಂದಿ ಕಣ್ಮರಿ ಆದ್ರು ಅಂತ ಬರದ್ರ ಹೆಂಗಿರ್ತದ? ಮತ್ತ ಯಾವ ಗೊಂಬಿ ಎಲ್ಲಿ ಸಿಕ್ಕಿದ್ರ ನಕಲು ಅನ್ನೋದು ಒಂದಕ್ಕೂ ಬರ್ದಿಲ್ಲ, ಎಲ್ಲಾದಕ್ಕೂ “ಮಾಯಾ” ಅಷ್ಟ. ಮ್ಯಾಲೆ ನಾನು ಜೈನಾ, ಲುಬಾಂತುನ್ ಅಂದದ್ದೆಲ್ಲ ನಾನೇ ಓದಿ ತಿಳ್ಕೊಂಡದ್ದು. ಸಂತಿ ಮಂದಿ ಬಗ್ಗೆ ಎರಡು ಸಾಲು ಬರ್ದು ಮೆಕ್ಸಿಕೋದಾಗಿನ ಮಾಯಾ ಊರು ಕಾಲಾಕ್ಮುಲ್‌ನ ಬಣ್ಣದ ಚಿತ್ರಾನರ ಹಾಕಬೇಕಿತ್ತು, 2004 ರಾಗ ಮಣ್ಣೊಳಗಿಂದ ಹೊರಗ ಬಂದವು, ಗಂಜಿ ಕೊಡಾಕಿ, ಉಪ್ಪಿನಂವ, ತಂಬಾಕಿನಂವ ಅಂತ ಒಬ್ಬೊಬ್ಬರ ಬಾಜು ಅಕ್ಷರ ಸಮೇತ ಬರದೈತಿ, ನೀಲಿ ಅರಿಬಿ ಉಟ್ಟಾಕಿ ಒಬ್ಬಾಕಿ ಇನ್ನೊಬ್ಬಾಕಿ ತೆಲಿ ಮ್ಯಾಲ ಗಡಿಗಿ ಎತ್ತಿ ಇಡಾಕತ್ತಾಳ. ಗೊಂಬಿಗಳ ಪಕ್ಕ ಅದನ್ನಿಟ್ರ ಪಾಠ ತಾನೇ ಆಗ್ತದ.

ಇನ್ನೊಂದು, ಸೈಟಿನ್ಯಾಗ “100% ಅಸಲಿ ಪ್ರಾಚೀನ ಮಾಯಾ” ಅಂತ ಹಾಕ್ಯಾರ, ಕೆಳಗ ಸಣ್ಣ ಅಕ್ಷರದಾಗ ರೆಪ್ಲಿಕಾ ಅಂತ. ಯಾರೂ ಮೋಸ ಹೋಗಬ್ಯಾಡ್ರಿ. ಮೆಕ್ಸಿಕೋ 1972 ರಾಗ ಕಾಯ್ದೆ ಮಾಡಿ ಇಂಥ ಹಳೇ ಸಾಮಾನೆಲ್ಲ ದೇಶದ ಆಸ್ತಿ ಅಂದೈತಿ, ಹೊರಗ ಒಯ್ಯಂಗಿಲ್ಲ, ನಮ್ಮ ದೇಶದ ಪುರಾತನ ವಸ್ತುಗಳ ಕಾಯ್ದೆನೂ ಅದೇ ವರ್ಷದ್ದು. ಅಸಲಿ ಆಗಿದ್ರ ನಿಮ್ಮನಿಗೆ ಕೊರಿಯರ್ ಬರೋದಿಲ್ಲ, ಪೊಲೀಸ್ರು ಬರ್ತಾರ. ಜೈನಾ ಗೊಂಬಿಗಳನ್ನ ಕಳ್ಳರು ಅಗೆದಗೆದು ಮಾರಿ ಯಾವ ಗೋರ್ಯಾಗ ಯಾರ ಕೈಯಾಗ ಇದ್ದವು ಅನ್ನೋ ಸುದ್ದಿನೇ ಕಳ್ದು ಹೋಗೈತಿ, ಮ್ಯಾಲ ಖೊಟ್ಟಿ ಮಾಲು ಸೇರ್ಕೊಂಡು ದೊಡ್ಡ ದೊಡ್ಡ ಮ್ಯೂಸಿಯಮ್ಮಿನವರಿಗೂ ತೆಲಿನೋವು. ನಕಲು ನಕಲು ಅಂತ ಹೇಳಿ ಮಾರೋದೇ ಮರ್ಯಾದಿ.

ಪ್ಯಾಕಿಂಗ್ ಕಳಪಿ. ಮಣ್ಣಿನ ಗೊಂಬಿಗಳಿಗೆ ಒಂದೇ ಸುತ್ತು ಬಬಲ್ ಶೀಟ್, ರೆಸಿನ್ ರಾಜನಿಗೆ ಥರ್ಮಾಕೋಲಿನ ಗೂಡು, ಬಿದ್ರೂ ಒಡೀದಂವಗೆ ಅದ್ಯಾಕ ಅಂತ ತಿಳೀಲಿಲ್ಲ. ಚೆಂಡಾಟದಂವನ ಗೋಣು ಮುರ್ದು ಬಂತು. ಚಾಟಿನ್ಯಾಗ ಕಂಪ್ಲೇಂಟ್ ಹಾಕಿದ್ರ ಮದ್ಲ ಮಷಿನ್ ಮಾತಾಡ್ತು, ಆಮ್ಯಾಲ ಮನುಷ್ಯಾ ಬಂದು ಅನ್‌ಬಾಕ್ಸಿಂಗ್ ವಿಡಿಯೋ ಐತೇನ್ರಿ ಅಂದ, ಇಲ್ಲಂದೆ, ಮುಂದಿನ ಆರ್ಡರಿಗೆ ಇನ್ನೂರು ರೂಪಾಯಿ ಕೂಪನ್ ಕೊಟ್ಟು ಕೈತೊಳ್ಕೊಂಡ. ಹುಡುಗುರು ಫೆವಿಕ್ವಿಕ್ ಹಾಕಿ ಕುಂದ್ರಿಸ್ಯಾರ, ಸ್ವಲ್ಪ ವಾರಿ ಆಗೈತಿ. ತಗೊಳ್ಳೋರು ವಿಡಿಯೋ ಮಾಡ್ಕೊಂಡೇ ಬಾಕ್ಸ್ ಬಿಚ್ಚಿರಿ.

2,899 ಜಾಸ್ತಿ ಆತು. ಐದು ಮಣ್ಣಿನವನ್ನ ಇಟ್ಟು ಎರಡು ರೆಸಿನ್ ತಗದು ಹಾಕಿ ಯಾವ ಗೊಂಬಿ ಎಲ್ಲಿದು ಅಂತ ಕರೆಕ್ಟ್ ಬರ್ದಿರೋ ಒಂದು ಪಾಂಪ್ಲೆಟ್ಟು ಕನ್ನಡದಾಗ ಕೊಟ್ರ ಹದಿನೈದು ನೂರಕ್ಕ ಖುಷಿಲೆ ತಗೋಬಹುದು. ಈ ಅಂಗಡಿಯವರು ಅರೆಯುವಾಕಿನ್ನ ಬಿಡಿಯಾಗಿ ಮಾರೋದಿಲ್ಲ, ಕೇಳಿದ್ರ ರಾಜ ಮತ್ತ ಯೋಧ ಬಿಡಿಯಾಗಿ ಸಿಗ್ತಾವ, ಅವೇ ಡಿಮ್ಯಾಂಡ್ ಮೇಡಂ ಅಂತಾರ. ಅರೆಯುವಾಕಿ ಬಿಡಿಯಾಗಿ ಬಂದ್ರ ಕೆಳಗ ಕಮೆಂಟಿನ್ಯಾಗ ತಿಳಸ್ರಿ ಯಾರರ, ನಮ್ಮ ಬ್ಲಾಕಿನ ಇನ್ನೊಂದೆರಡು ಸಾಲಿಯವರು ಕೇಳ್ಯಾರ, ನನಗೂ ಒಂದು ಬೇಕು, ಸಾಲಿದು ಸಾಲ್ಯಾಗೇ ಇರ್ತದ.